ಕಲೆಯಿಲ್ಲದ ಪುಸ್ತಕವನ್ನು ನಂಬಬೇಡಿ

ಹುಬ್ಬಳ್ಳಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಅರವತ್ತಮೂರು

ಹಿರಿಯವ್ವ ಸುಮಂಗಲಾ ಕೊಪ್ಪದ ಅವರಿಗೆ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ಹೆಸರಿಲ್ಲ, ಆ ದಿನಗಳಲ್ಲಿ ಯಾರೂ ಯಾವುದಕ್ಕೂ ಸಹಿ ಹಾಕುವಂತಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮಗೀಗ ಇಪ್ಪತ್ತೊಂಬತ್ತು, ನನಗೆ ಎಪ್ಪತ್ತಮೂರು. ಆದರೂ ನೀವು ನನ್ನ ಮುತ್ತಜ್ಜಿಯ ತಾಯಿ, ಹಾಗಾಗಿ ಹಿರಿಯವ್ವ ಎಂದೇ ಕರೆಯುತ್ತೇನೆ. ನಾನೂ ನಿಮ್ಮ ಹಾಗೆ ಪೈಲಟ್ ಆಗಿದ್ದವಳು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಅಲ್ಲಿ ಒರೆಸುಗಾರ ಎಂಬ ಗುಮಾಸ್ತ ಕೂತಿರುತ್ತಾನೆ. ಓದುವವರಿಗೆ ಮುಂದೆ ನಡೆಯಲಿರುವ ಘಟನೆ, ಅದರ ತಾರೀಖು, ಕಂಪನಿಯ ಹೆಸರು, ಇಷ್ಟರಲ್ಲಿ ಯಾವುದನ್ನು ಬರೆದರೂ ಆ ಜಾಗಕ್ಕೆ ತೂತು ಕೊರೆದು ಕಾಗದ ವಾಪಸ್ ಮಾಡುತ್ತಾನೆ. ನನಗೆ ಮೂರು ಸಲ ಮಾಡಿದ್ದಾನೆ. ಬುದ್ಧಿಮಾತು ಹೇಳಬಹುದು, ಭವಿಷ್ಯ ಹೇಳಬಾರದು ಎನ್ನುವುದು ಅವನ ನಿಯಮ. ಅವನ ಮೇಲೂ ನನಗೆ ಗುಮಾನಿಯಿದೆ. ಕಾಗದಗಳನ್ನು ನಿಜವಾಗಿಯೂ ಕಳಿಸುತ್ತಾನೋ, ಒಲೆಗೆ ಹಾಕುತ್ತಾನೋ, ಆ ಶಿವನೇ ಬಲ್ಲ.

ನಿಮ್ಮ ದಿನಚರಿ ನನ್ನ ಮುಂದಿದೆ, ನಾಲ್ಕು ತಲೆಮಾರು ಕೈದಾಟಿ ಬಂದದ್ದು. ಖಾಸಗಿ ಜೆಟ್‌ಗಳನ್ನು ಬಾಡಿಗೆಗೆ ಹಾರಿಸುವ ಎರಡು ಕಂಪನಿಗಳು ನಿಮ್ಮನ್ನು ಕರೆದಿವೆ. ಸೋಮವಾರದೊಳಗೆ ಒಂದಕ್ಕೆ ಹ್ಞೂಂ ಅನ್ನಬೇಕು. ಹೆಸರು ಹೇಳುವಂತಿಲ್ಲವಾದ್ದರಿಂದ ಬೆಂಗಳೂರಿನದನ್ನು ಗಾಜಿನ ಕಂಪನಿ ಎನ್ನುತ್ತೇನೆ, ಹುಬ್ಬಳ್ಳಿಯದನ್ನು ತಗಡಿನ ಕಂಪನಿ. ನಿಮ್ಮ ಮನಸ್ಸು ಗಾಜಿನ ಕಡೆ ವಾಲಿದೆ. ಅಲ್ಲಿಗೆ ಹೋಗಬೇಡಿ ಎಂದು ಹೇಳುವುದಕ್ಕೇ ಈ ಕಾಗದ.

ಈ ಮುದುಕಿಗೆ ಇದೆಲ್ಲ ಏನು ಗೊತ್ತು ಅನ್ನುತ್ತೀರಿ. ನಮ್ಮ ಕಾಲದ ವಿಮಾನಗಳು ತಾನ್‌ಹಾರಿಗಳು, ಯಾರ ಕೈಯೂ ತಾಗದೆ ಏಳುತ್ತವೆ, ಇಳಿಯುತ್ತವೆ. ಮಧ್ಯಾಹ್ನದ ಬಿಸಿಲಿಗೆ ರನ್‌ವೇ ಮೆತ್ತಗಾಗುವುದರಿಂದ ಹಾರಾಟವೆಲ್ಲ ಬೆಳಗಿನ ಒಂಬತ್ತರೊಳಗೇ ಮುಗಿಯಬೇಕು. ಗಿರಾಕಿಗಳು ಮನೆಯ ಮಂಚದಿಂದಲೇ ಮಂಚಸಮೇತ ವಿಮಾನ ಸೇರುತ್ತಾರೆ. ಆದರೂ ಪ್ರತಿ ವಿಮಾನದ ಮುಂದಿನ ಸೀಟಿನಲ್ಲಿ ಒಬ್ಬ ಹೊಣೆಪೈಲಟ್ ಕೂರಬೇಕು. ಅವನು ಹಾರಿಸುವುದಿಲ್ಲ. ಏನಾದರೂ ಆದರೆ ತಪ್ಪು ಯಾರದು ಎನ್ನುವುದಕ್ಕೆ ಒಂದು ಹೆಸರು ಬೇಕಲ್ಲ, ಆ ಹೆಸರು ಅವನದು. ಇಂಥ ಹೆಸರುಗಳನ್ನು ಕಂಪನಿಗಳು ಬಹಳ ಸಿಹಿಯಾಗಿ ಹುಡುಕುತ್ತವೆ. ನಾನು ಹಾಗೆ ಕೂತದ್ದು ಇಪ್ಪತ್ತು ವರ್ಷ. ಆಮೇಲೆ ಒಂಬತ್ತು ವರ್ಷ ಮೇಜಿನ ಆಚೆ ಬದಿ ಕೂತು ಬೇರೆಯವರನ್ನು ಕೂರಿಸಿದೆ. ಹೊಸಬರಿಗೆ ಗೋಡಂಬಿ ತಿನ್ನಿಸಿ ಕಣ್ಣು ಕಟ್ಟುವ ವಿದ್ಯೆ ನನಗೆ ಬರುತ್ತದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬರುತ್ತದೆ.

ಹಾಗಾಗಿ ನಿಮ್ಮ ದಿನಚರಿಯ ಗಾಜಿನ ಕಂಪನಿಯ ಪುಟ ಓದುವಾಗ ನನ್ನ ಮೈ ಉರಿಯಿತು. ಬಿಸಿ ಟವೆಲ್ ಕೊಟ್ಟರಂತೆ. ನೀವು ಇನ್ನೂ ಒಪ್ಪಿಲ್ಲ, ಆಗಲೇ ಟೇಲರ್ ಬಂದು ಕೋಟಿನ ಅಳತೆ ತೆಗೆದುಕೊಂಡನಂತೆ. ಮದುವೆ ಮಾತಾಗುವ ಮುಂಚೆ ಬಳೆ ತೊಡಿಸುವವರನ್ನು ನಮ್ಮ ಓಣಿಯಲ್ಲಿ ಏನಂತಾರೆ ನಿಮಗೇ ಗೊತ್ತು. ಲೈಸೆನ್ಸಿನ ಮೂಲಪ್ರತಿ ತಮ್ಮ ಬೀರುವಿನಲ್ಲಿ ಭದ್ರವಾಗಿ ಇಡುತ್ತಾರಂತೆ. ತಿಂಗಳಿಗೆ ಹತ್ತು ದಿನ ರಜೆ, ಆದರೆ ರಜೆಯಲ್ಲೂ ಫೋನ್ ಎರಡನೇ ರಿಂಗಿಗೆ ಎತ್ತಬೇಕಂತೆ. ಅಲ್ಲ ಹಿರಿಯವ್ವ, ಅದು ರಜೆಯೇ? ಹಗ್ಗ ಸ್ವಲ್ಪ ಉದ್ದ ಬಿಟ್ಟ ಮಾತ್ರಕ್ಕೆ ಹಸು ಬಿಡುಗಡೆಯಾದಂತಲ್ಲ.

ಇದೆಲ್ಲ ಹೋಗಲಿ. ನಾನು ಓದು ನಿಲ್ಲಿಸಿದ್ದು ಪುಸ್ತಕದ ಸಾಲಿನಲ್ಲಿ. ವಿಮಾನದಲ್ಲಿ ಕಂಡ ದೋಷಗಳನ್ನು ಪೈಲಟ್ ಬರೆದಿಡುವ ಪುಸ್ತಕವನ್ನು ಅಲ್ಲಿಯ ಸೂಟು ತೊಟ್ಟ ಮ್ಯಾನೇಜರ್ ನಿಮ್ಮ ಮುಂದೆ ಬಿಚ್ಚಿಟ್ಟ. ಪುಟ ತಿರುವಿದರೆ ಒಂದು ಕಲೆಯಿಲ್ಲ, ಒಂದೇ ಶಾಯಿ, ತಿಂಗಳಿಗೆ ಒಂದೆರಡು ಸಾಲು. "ನಮ್ಮಲ್ಲಿ ಕಂಪ್ಲೇಂಟ್ ಅನ್ನೋದೇ ಬರಲ್ಲ ಮೇಡಂ, ವಿಮಾನ ಅಷ್ಟು ಚೆನ್ನಾಗಿ ನೋಡ್ಕೋತೀವಿ," ಎಂದನಂತೆ. ನೀವು ಕೆಳಗೆ ಬರೆದಿದ್ದೀರಿ: ಎಂಥ ಶಿಸ್ತು!

ಶಿಸ್ತಲ್ಲ ತಾಯಿ. ದೋಷವನ್ನು ಪುಸ್ತಕದಲ್ಲಿ ಬರೆದರೆ, ಅದು ಸರಿಯಾಗಿ ಇಂಜಿನಿಯರ್ ಸಹಿ ಬೀಳುವ ತನಕ ವಿಮಾನ ಎಲ್ಲಿದೆಯೋ ಅಲ್ಲೇ ನಿಲ್ಲಬೇಕಾಗಬಹುದು. ಗಿರಾಕಿ ಕಾಯುತ್ತಿರುತ್ತಾನೆ. ಅದಕ್ಕೇ ಇಂಥ ಕಂಪನಿಗಳಲ್ಲಿ ಒಂದು ಪದ್ಧತಿಯುಂಟು. ಪೈಲಟ್ ದೋಷವನ್ನು ಚೀಟಿಯಲ್ಲಿ ಬರೆದು ಜೇಬಿಗಿಳಿಸುತ್ತಾನೆ, ಊರಿಗೆ ಮರಳಿ ಇಂಜಿನಿಯರ್ ಕೈಗೆ ಕೊಡುತ್ತಾನೆ. ಬಿಡಿಭಾಗ ಬಂದ ದಿನ ಮಾತ್ರ ಅದು ಪುಸ್ತಕಕ್ಕೇರುತ್ತದೆ, ರಿಪೇರಿಯ ಸಹಿಯ ಜೊತೆಯಲ್ಲೇ. ಅಲ್ಲಿಯ ತನಕ ಆ ವಿಮಾನ ಕಾಗದದ ಮೇಲೆ ಗಟ್ಟಿಮುಟ್ಟಾಗಿರುತ್ತದೆ. ಮುಂದಿನ ಪೈಲಟ್‌ಗೆ ಪುಸ್ತಕ ಕಾಣುತ್ತದೆ, ಹಿಂದಿನವನ ಜೇಬು ಕಾಣುವುದಿಲ್ಲ. ನನ್ನ ಕಂಪನಿಯಲ್ಲೂ ಪುಸ್ತಕ ಹಾಗೇ ಹೊಳೆಯುತ್ತಿತ್ತು, ಹೊಳೆಸಿದವಳು ನಾನೇ.

ಹೊರಡುವಾಗ ಅವರು ನಿಮಗೆ ಒಂದು ಉಡುಗೊರೆ ಕೊಟ್ಟರು. ಕಂಪನಿಯ ಗುರುತು ಒತ್ತಿದ, ಅಂಗಿಯ ಜೇಬಿಗೆ ಸರಿಯಾಗಿ ಹಿಡಿಯುವ ಪುಟ್ಟ ಚೀಟಿ ಪುಸ್ತಕ. ಎಷ್ಟು ಮುತುವರ್ಜಿ ಎಂದು ಬರೆದಿದ್ದೀರಿ. ಅದನ್ನು ಯಾಕೆ ಕೊಟ್ಟರು ಎಂದು ಈಗ ನಿಮಗೆ ಹೊಳೆದಿರಬೇಕು.

ಇನ್ನು ತಗಡಿನ ಕಂಪನಿ. ಅದನ್ನೂ ನಾನು ಅನುಮಾನದಿಂದಲೇ ನೋಡಿದೆ, ನಮ್ಮ ಮನೆತನದ ಗುಣವೇ ಅದು. ಮೂರೇ ವಿಮಾನ, ಹರಿದ ಸೋಫಾ, ಎರಡು ವರ್ಷದಲ್ಲಿ ಬಾಗಿಲು ಹಾಕಿದರೂ ಹಾಕೀತು. ಚಹಾ ಕೊಟ್ಟದ್ದು ಹಿಡಿಕೆ ಮುರಿದ ಕಪ್ಪಿನಲ್ಲಿ. ಅಲ್ಲಿಯ ಇಂಜಿನಿಯರ್ ಬಸಲಿಂಗಪ್ಪ, ನೀವು ಇಂಧನದ ಪೈಪ್ ದಾಟಿದ್ದಕ್ಕೆ ಎಲ್ಲರೆದುರು ಗದರಿದರು. ಅವರ ಪುಸ್ತಕ ಗ್ರೀಸ್ ಮೆತ್ತಿಕೊಂಡು ಹಪ್ಪಳದ ಹಾಗೆ ಉಬ್ಬಿತ್ತು. ಹತ್ತಾರು ಕೈಬರಹ, ಪ್ರತಿ ಪುಟದಲ್ಲೂ ದೋಷ, ಅಂಚಿನಲ್ಲಿ ಪೈಲಟ್‌ಗೂ ಇಂಜಿನಿಯರ್‌ಗೂ ಜಗಳ. ನಿಮ್ಮ ಮುಖ ಕಿವಿಚಿದ್ದು ನೋಡಿ ಅವರು ಅಂದರು, "ಪುಸ್ತಕ ಹೊಲಸೈತವಾ, ವಿಮಾನ ಹೊಲಸಿಲ್ಲ." ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಕೂಗಾಡಿದರು. ಬ್ರೇಕಿನ ಒತ್ತಡ ಸರಿಯಿಲ್ಲ ಎಂದು ಅಲ್ಲಿಯ ಪೈಲಟ್ ಹುಡುಗಿ ಬೆಳಿಗ್ಗೆ ಹಾರಲು ಒಪ್ಪಿರಲಿಲ್ಲ. ಬಸಲಿಂಗಪ್ಪ ಕೈ ಒರೆಸಿಕೊಳ್ಳುತ್ತ, "ಆಕಿ ಹಾರಂಗಿಲ್ಲ ಅಂದಾಳ್ರೀ, ಮುಗೀತು. ಸ್ಟೇಷನ್ ಇಲ್ಲೇ ಐತಿ, ರೈಲಿಗೆ ಹೋಗ್ರಿ," ಎಂದರು. ಗಿರಾಕಿಯನ್ನು ಹೀಗೆ ಅಟ್ಟುವವರು ಎಂಥ ವ್ಯಾಪಾರ ಮಾಡಿಯಾರು ಎಂದು ನೀವು ಬರೆದಿದ್ದೀರಿ. ನಾನು ಆ ಸಾಲು ಓದಿ ಅತ್ತೆ. ಒಬ್ಬ ಪೈಲಟ್‌ಗೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಕ್ಕೀತು? ಕಂಪನಿ ಮುಚ್ಚಿದರೆ ಇನ್ನೊಂದು ಸಿಗುತ್ತದೆ.

ನನ್ನ ಮಾತು ಸುಳ್ಳು ಅನ್ನಿಸಿದರೆ ಪರೀಕ್ಷೆ ಮಾಡಿ. ಗಾಜಿನ ಕಂಪನಿಗೆ ಫೋನ್ ಹಚ್ಚಿ, ನಿಮ್ಮಲ್ಲಿ ಕೊನೆಯ ಸಲ ಹಾರುವುದಿಲ್ಲ ಅಂದ ಪೈಲಟ್ ಯಾರು, ಅವರ ಜೊತೆ ಒಂದು ಕಪ್ ಚಹಾ ಕುಡಿಯಬಹುದೇ ಎಂದು ಕೇಳಿ. ನಮ್ಮಲ್ಲಿ ಯಾರೂ ಹಾಗೆ ಅಂದಿಲ್ಲ ಎಂದರೆ ನಂಬಬೇಡಿ. ಅಂದವರು ಈಗ ಇಲ್ಲಿಲ್ಲ ಎಂದರೆ ನಂಬಿ.

ಈಗ ಒಂದು ಮಾತು ಮುಚ್ಚಿಡದೆ ಹೇಳಬೇಕು. ಗಾಜಿನ ಕಂಪನಿಯಲ್ಲಿ ನಿಮಗೊಬ್ಬ ಒಳ್ಳೆಯ ಮನುಷ್ಯ ಸಿಗುತ್ತಾರೆ. ಇದು ಭವಿಷ್ಯವಾಯಿತು, ಒರೆಸುಗಾರ ಏನು ಮಾಡುತ್ತಾನೋ ನೋಡೋಣ. ಅವರನ್ನು ನೀವು ಕಟ್ಟಿಕೊಳ್ಳುತ್ತೀರಿ. ನನ್ನ ಮುತ್ತಜ್ಜಿ, ಅಜ್ಜಿ, ಅವ್ವ, ನಾನು, ನಾಲ್ವರೂ ಆ ಮದುವೆಯಿಂದ ಬಂದವರು. ನೀವು ಸೋಮವಾರ ಬಸಲಿಂಗಪ್ಪನವರಿಗೆ ಹ್ಞೂಂ ಅಂದರೆ ನಾವು ಯಾರೂ ಇರುವುದಿಲ್ಲ. ನನಗೆ ಮಕ್ಕಳಿಲ್ಲ, ಒಪ್ಪಿಗೆ ಕೇಳಬೇಕಾದವರು ಯಾರೂ ಉಳಿದಿಲ್ಲ. ಭಯವಾಗುತ್ತದೆಯೇ ಎಂದರೆ ಆಗುತ್ತದೆ. ಒಂದು ವಾರ ಈ ಕಾಗದವನ್ನು ಹಿಂದಂಚೆಗೆ ಹಾಕದೆ ಮಡಚಿಟ್ಟಿದ್ದೆ, ಇವತ್ತು ಬಿಚ್ಚಿ ಈ ಮಾತು ಸೇರಿಸುತ್ತಿದ್ದೇನೆ. ಅಷ್ಟು ಪುಕ್ಕಲಿ ನಾನು.

ಗಾಜಿನ ಕಂಪನಿಯ ಮೂರನೆಯ ವರ್ಷ ಏನಾಯಿತು ಎಂಬುದನ್ನು ಬರೆದ ಕಾಗದಗಳಿಗೇ ತೂತು ಬಿದ್ದದ್ದು. ಆದರೆ ನಿಮ್ಮ ಮಗಳು ಅಡುಗೆಮನೆಯಲ್ಲಿ ಆಡಿದ ಮಾತಿಗೆ ಒರೆಸುಗಾರನ ನಿಯಮದಲ್ಲಿ ಅಡ್ಡಿಯಿಲ್ಲ, ಅವನನ್ನೇ ಕೇಳಿದ್ದೇನೆ. ಮುತ್ತಜ್ಜಿ ನಿಮ್ಮನ್ನು ಕಂಡದ್ದು ಲೈಸೆನ್ಸಿನ ಫೋಟೋದಲ್ಲಿ ಮಾತ್ರ. ನನಗೆ ಎಂಟು ವರ್ಷವಿದ್ದಾಗ, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಆ ಎಪ್ಪತ್ತು ವರ್ಷದ ಮುದುಕಿ ಹೇಳಿದ್ದು ಇದು: "ನಾ ಹುಟ್ಟದಿದ್ರೂ ಚಿಂತಿದ್ದಿಲ್ಲವಾ. ನಮ್ಮವ್ವ ಆ ವಿಮಾನ ಹತ್ತಬಾರದಿತ್ತು."

ನಿಮ್ಮ
ನೀಲವ್ವ ಕೊಪ್ಪದ