ಐರಿನಕ್ಕನ ಮಣ್ಣಿನ ಗೋಡೆ

ಪ್ರೀತಿಯ ಐರಿನಕ್ಕ,

ಆಸ್ಪತ್ರೆಯ ಕಿಟಕಿಯಾಚೆ ಹಿಮ ಬೀಳುತ್ತಿದ್ದ ಆ ಮಧ್ಯಾಹ್ನ ನೆನಪಿದೆಯಾ? ನಾನು ಕಿತ್ತಳೆ ಸುಲಿದು ಕೊಟ್ಟಿದ್ದೆ. ನೀವು ಅದನ್ನು ಪಕ್ಕಕ್ಕಿಟ್ಟು, "ಗೋಡೆ ಉಂಟಾ ಮಾರಾಯ್ತಿ, ಬಿತ್ತಾ?" ಅಂತ ಕೇಳಿದಿರಿ. "ಹಿಮದಾಗ ಮುಚ್ಚೈತ್ರೀ ಅಕ್ಕಾರ, ಕರಗಿದ ಮ್ಯಾಲೆ ನೋಡಿ ಹೇಳ್ತೀನಿ," ಅಂದೆ. ಹಿಮ ಕರಗುವಷ್ಟರಲ್ಲಿ ನೀವೇ ಇರಲಿಲ್ಲ. ನಿಮ್ಮ ಪ್ರಶ್ನೆ ಮಾತ್ರ ನನ್ನ ಹತ್ತಿರ ಉಳಿಯಿತು. ಇವತ್ತು ಉತ್ತರ ಬರೆಯಲು ಕೂತಿದ್ದೇನೆ. ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು, ಆದರೆ ಯಾವ ಸುದ್ದಿಯನ್ನಾದರೂ ಮೊದಲಿನಿಂದ ಕೇಳದಿದ್ದರೆ ನಿಮಗೆಲ್ಲಿ ಸಮಾಧಾನ?

ನಾವು ಮೊದಲು ಭೇಟಿಯಾದದ್ದು ಎಸ್-ಬಾನ್ ರೈಲಿನಲ್ಲಿ. ನ್ಯೂರೆಂಬರ್ಗಿಗೆ ಬಂದ ಹೊಸತು, ನನಗೆ ಜರ್ಮನ್ ಬಾರದು, ಗಂಡ ಕಾರಿನ ಬಿಡಿಭಾಗಗಳ ಕಂಪನಿಗೆ ಹೋದರೆ ಬರುವುದು ಸಂಜೆಗೆ. ಸೀಟಿನ ಮೇಲೆ ಕುಣಿಯುತ್ತಿದ್ದ ಮಗಳು ಅನುಗೆ, "ಸುಮ್ನ ಕುಂದರ್ತೀ ಇಲ್ಲೋ?" ಅಂತ ಗದರಿದೆ. ಎದುರು ಸೀಟಿನ ಉಣ್ಣೆ ಟೋಪಿಯ ಅಜ್ಜಿ ತಲೆಯೆತ್ತಿ, "ಕುಂದರುದಾ? ನೀವು ಯಾವ ಊರಿನವರು ಮಾರಾಯ್ತಿ?" ಅಂದುಬಿಟ್ಟರು. ಎಷ್ಟು ತಿಂಗಳಾಗಿತ್ತು ಮನೆಯ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿ! ನನಗೆ ಅಳುವೇ ಬಂತು. ನೀವು ಮಂಗಳೂರಿನವರು, ಕಥೋಲಿಕರು, ಹರೆಯದಲ್ಲೇ ನರ್ಸ್ ಆಗಿ ಈ ದೇಶಕ್ಕೆ ಬಂದವರು. ನಾನು ರೋಣದ ಕಡೆಯ ಲಿಂಗಾಯತರ ಮನೆಯ ಹೆಣ್ಣುಮಗಳು, ಓದಿದ್ದು ಸಿವಿಲ್ ಎಂಜಿನಿಯರಿಂಗ್, ಮಾಡುತ್ತಿದ್ದದ್ದು ರೊಟ್ಟಿ. ನಿಮ್ಮ ಮನೆಮಾತು ಕೊಂಕಣಿಯಾದರೂ ನನ್ನ ಜೊತೆ ಕನ್ನಡದಲ್ಲೇ ನಕ್ಕಿರಿ, ಬೈದಿರಿ, ಜರ್ಮನ್ ವ್ಯಾಕರಣವನ್ನೂ ಕನ್ನಡದಲ್ಲೇ ಕಲಿಸಿದಿರಿ.

ನ್ಯೂರೆಂಬರ್ಗಿನ ಹತ್ತಿರ ನೀವು ವಾಸವಿದ್ದ ಹಳ್ಳಿಯ ಇಗರ್ಜಿಗೆ, ನಮ್ಮ ಬಾಯಲ್ಲಿ ಚರ್ಚಿಗೆ, ಮೊದಲ ಸಲ ಕರೆದುಕೊಂಡು ಹೋದ ಭಾನುವಾರ ನೀವು ನನ್ನನ್ನು ನಿಲ್ಲಿಸಿದ್ದು ದೇವಪೀಠದ ಮುಂದಲ್ಲ, ಪಕ್ಕದ ಗೋಡೆಯ ಮುಂದೆ. ಅಲ್ಲೊಂದು ಹಳೆಯ ಚಿತ್ರ: ಬರಡು ಬಯಲು, ಪಾಪಸುಕಳ್ಳಿ, ನಡುವೆ ದಪ್ಪ ಗೋಡೆಯ ಸಣ್ಣ ಇಗರ್ಜಿ, ಅದರ ಮುಂದೆ ಕಪ್ಪು ನಿಲುವಂಗಿಯ ಪಾದ್ರಿ. ಕೆಳಗೆ ಒಂದು ಫಲಕ: "ನಮ್ಮೂರಿನ ಮಗ ಸ್ಪೇನಿನ ಸಾಮ್ರಾಜ್ಯದ ದೂರದ ಮರುಭೂಮಿಯಲ್ಲಿ ಈ ಇಗರ್ಜಿಯನ್ನು ಕಟ್ಟಿದನು." ನಾನು ಚಿತ್ರದ ಹತ್ತಿರ ಹೋಗಿ, "ಅಕ್ಕಾರ, ಇದು ಹಸಿ ಇಟ್ಟಿಗೀದು. ನಮ್ಮ ಅಮ್ಮನ ಮನಿ ಇದ್ದಂಗ ಐತಿ," ಅಂದೆ. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುವುದು ನಿಮಗೆ ಗೊತ್ತಿತ್ತು. ಆ ಕ್ಷಣವೇ ನೀವು ನನ್ನ ಕೈ ಹಿಡಿದದ್ದು. ಆಮೇಲೆ ಬಿಟ್ಟಿರಾ?

ಪಾದ್ರಿಯ ಕಥೆ ನೀವು ಹೇಳುತ್ತಿದ್ದ ರೀತಿಯೇ ಬೇರೆ. ಇನ್ನೂರೈವತ್ತು ವರ್ಷಕ್ಕೂ ಹಿಂದೆ ಈ ಹಳ್ಳಿಯ ಹುಡುಗ ಜೆಸ್ವಿತ್ ಸಂಘದ ಪಾದ್ರಿಯಾಗಿ, ಸ್ಪೇನಿನ ರೇವಿನಲ್ಲಿ ಹಡಗಿಗೆ ಕಾದು ಕಾದು, ಸಾಗರ ದಾಟಿ, ಹೇಸರಗತ್ತೆಯ ಮೇಲೆ ಸೊನೋರಾ ಮರುಭೂಮಿ ಸೇರಿದ. ಮೊದಲು ಕೊಂಬೆಗಳ ಚಪ್ಪರದಡಿ ಪೂಜೆ, ಆಮೇಲೆ ಮಣ್ಣಿನ ಇಗರ್ಜಿ. ಇಷ್ಟನ್ನು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ನೀವು ಮಾತ್ರ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಮಣ್ಣು ತುಳಿದದ್ದು ಅಲ್ಲಿಯ ಮೂಲನಿವಾಸಿ ಓಓಧಮ್ ಜನ, ಗಂಟೆ ಬಾರಿಸಿದಾಗ ಕೆಲಸಕ್ಕೆ ಬಾರದವರಿಗೆ ಚಾಟಿಯೇಟು ಬೀಳುತ್ತಿತ್ತು, ಹೊರಗಿನವರ ಜೊತೆ ಬಂದ ಸಿಡುಬಿಗೆ ಊರೂರುಗಳೇ ಖಾಲಿಯಾದವು ಅಂತಲೂ ಹೇಳುತ್ತಿದ್ದಿರಿ. ಜಪಸರ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತಿದ್ದಿರಿ. ಸ್ಪೇನಿನ ರಾಜ ಜೆಸ್ವಿತರ ಮೇಲೆ ಮುನಿದು ಒಬ್ಬರನ್ನೂ ಬಿಡದೆ ಹೊರಹಾಕಿದಾಗ ಸೈನಿಕರು ನಮ್ಮ ಪಾದ್ರಿಯನ್ನೂ ಕರೆದೊಯ್ದರು. ಅವನು ಮತ್ತೆ ಆ ಇಗರ್ಜಿಯನ್ನು ನೋಡಲಿಲ್ಲ. ಬೇರೆ ಸಂಘದ ಪಾದ್ರಿಗಳು ಬಂದರು, ಅವರೂ ಹೋದರು. ಜನ ಸಂತರ ಮೂರ್ತಿಗಳನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟರು, ವರ್ಷ ವರ್ಷವೂ ಗೋಡೆಗೆ ಮಣ್ಣು ಮೆತ್ತಿದರು. "ಅವನು ಹೋದ ಮೇಲೆ ಅದು ನಿಂತದ್ದು ಯಾರಿಂದ? ಆ ಒಂದು ಮಾತು ಈ ಫಲಕದಲ್ಲಿ ಬರೀಲಿಕ್ಕೆ ಎಂತ ಕಷ್ಟ ಇವರಿಗೆ?" ಇದು ನಿಮ್ಮ ಪಲ್ಲವಿಯಾಗಿತ್ತು. ಹಳೆಯ ಫಲಕ ಮಾಸಿದೆ, ಹೊಸದು ಬರೆಸಬೇಕು ಅಂತ ಊರಲ್ಲಿ ಮಾತು ಎದ್ದಾಗ ನೀವು ಸೆರಗು ಕಟ್ಟಿ ನಿಂತಿರಿ. ಸೆರಗಲ್ಲ, ಸ್ವೆಟರು.

ಆ ಸಭೆಯನ್ನು ಹೇಗೆ ಮರೆಯಲಿ? ಇಗರ್ಜಿಯ ಸಭಾಭವನದಲ್ಲಿ ಕಾಫಿ, ಪ್ಲಮ್ ಹಣ್ಣಿನ ಕೇಕು, ಊರಿನ ಇತಿಹಾಸ ಸಂಘದ ಹಿರಿಯರೆಲ್ಲ ಸಾಲಾಗಿ. ಅಧ್ಯಕ್ಷರು ಲೆಡರರ್, ಎಲ್ಲರ ಬಾಯಲ್ಲೂ ಗೌರವದ ಹೆರ್ ಲೆಡರರ್, ಜೀವನವಿಡೀ ಮನೆ ಕಟ್ಟಿಸಿದ ಕಂಟ್ರಾಕ್ಟರ್. "ಮಣ್ಣು ಒಂದು ಚಳಿಗಾಲವನ್ನೂ ತಡೆಯುವುದಿಲ್ಲ, ಶ್ವೆಸ್ಟರ್ ಐರಿನ್," ಅಂದರು. ನೀವು ನರ್ಸ್ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರಿಗೆ ನೀವು ಸಿಸ್ಟರೇ. "ನಮ್ಮ ಪಾದ್ರಿಯ ಅಡಿಪಾಯ, ನಮ್ಮ ಪಾದ್ರಿಯ ಲೆಕ್ಕಾಚಾರ, ಅದಕ್ಕೇ ನಿಂತಿದೆ. ಅಲ್ಲಿಯ ಜನರ ಬಗ್ಗೆ ನಿಮಗೇಕೆ ಇಷ್ಟು ಚಿಂತೆ?" ನೀವು ಕೇಕಿನ ತಟ್ಟೆ ಕೆಳಗಿಟ್ಟಿರಿ. "ನನ್ನ ಊರಿನ ಇಗರ್ಜಿಯನ್ನೂ ಪಾದ್ರಿ ಕಟ್ಟಿದರು ಅಂತ ಕಲ್ಲಿನ ಮೇಲೆ ಕೆತ್ತಿದ್ದಾರೆ. ಅದಕ್ಕೆ ಕೆಂಪುಕಲ್ಲು ಹೊತ್ತವಳು ನನ್ನ ಅಜ್ಜಿ. ಅವಳ ನೆತ್ತಿಯಲ್ಲಿ ಕೂದಲು ಉದುರಿಹೋಗಿತ್ತು," ಅಂದಿರಿ. ಕೊನೆಗೆ ಪಂಥ ನೀವೇ ಕಟ್ಟಿದಿರಿ: ಇಗರ್ಜಿಯ ಅಂಗಳದಲ್ಲಿ ಒಂದು ಮಣ್ಣಿನ ಗೋಡೆ ಕಟ್ಟುವುದು. ಚಳಿಗಾಲ ಕಳೆದು ಅದು ನಿಂತಿದ್ದರೆ ನಿಮ್ಮ ಮಾತು ಹೊಸ ಫಲಕಕ್ಕೆ, ಬಿದ್ದರೆ ಹಳೆಯ ಮಾತೇ. ಅವರು ನಗುತ್ತಾ ಕೈ ಕುಲುಕಿದರು. ಹೊರಗೆ ಬಂದ ಮೇಲೆ ನೀವು ನನ್ನ ಕಡೆ ತಿರುಗಿ, "ಗೋಡೆ ಕಟ್ಟಲಿಕ್ಕೆ ನಿಂಗೆ ಬರ್ತದಲ್ಲ?" ಅಂದಿರಿ. ಆಗ ಕೇಳುವುದೇ ಅದನ್ನು!

ಸೆಗಣಿಯ ದಿನವನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ನಮ್ಮ ಕಡೆ ಗೋಡೆಯ ಮಣ್ಣಿಗೆ ಹೊಟ್ಟು ಬೇಕು, ಸೆಗಣಿ ಬೇಕು, ಹಾಗೇ ಕೊಳೆಹಾಕಿ ತುಳಿಯಬೇಕು ಅಂತ ನಾನು ಹಟ ಹಿಡಿದೆ. ಊರಿನ ರೈತರೊಬ್ಬರು ಸಂತೋಷದಿಂದ ದೊಡ್ಡ ಡ್ರಮ್ ತಂದಿಳಿಸಿ ಹೋದರು. ಮುಚ್ಚಳ ತೆಗೆದರೆ, ಸೆಗಣಿಯೆಲ್ಲಿ? ಇಲ್ಲಿಯ ಕೊಟ್ಟಿಗೆಯಲ್ಲಿ ಸೆಗಣಿ ಗಂಜಲ ಎಲ್ಲ ಕಲೆತು ಗುಂಡಿಗೆ ಹರಿದು ಅಂಬಲಿಯಾಗಿರುತ್ತದೆ ಅಂತ ನನಗೇನು ಗೊತ್ತು? ಆ ವಾಸನೆ! ಅವತ್ತೇ ಇಗರ್ಜಿಯಲ್ಲಿ ಮದುವೆ. ವಧುವಿನ ತಾಯಿ ಮೂಗು ಮುಚ್ಚಿಕೊಂಡು ಓಡಿ ಬಂದರೆ, ನೀವು ಮುಖದ ಗೆರೆಯೂ ಕದಲದೆ, "ಇಂಡಿಯಾದಲ್ಲಿ ಇದು ಬಹಳ ಶುಭ," ಅಂದಿರಿ. ಆಯಮ್ಮ ಥ್ಯಾಂಕ್ಸ್ ಹೇಳಿ ಹೋದಳಲ್ಲ ಅಕ್ಕ! ಕೊನೆಗೆ ಕುದುರೆ ಸವಾರಿ ಕಲಿಸುವ ಲಾಯದಿಂದ ಲದ್ದಿ ತಂದೆವು. ಒಣಗಿದ ಲದ್ದಿ, ಒಳ್ಳೆಯ ನಾರು, ವಾಸನೆಯೂ ಕಡಿಮೆ. ನನ್ನ ಅಮ್ಮ ಇದನ್ನು ನೋಡಿದ್ದರೆ ಏನನ್ನುತ್ತಿದ್ದಳೋ…

ಮಣ್ಣು ತುಳಿದ ಬೇಸಿಗೆಯ ಆ ವಾರ ಅನು ನಿಮ್ಮ ಕೈ ಹಿಡಿದುಕೊಂಡು ಮೊಣಕಾಲವರೆಗೆ ಕೆಸರಾಗಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಹುಡುಗಿ, ನಿಮ್ಮ ಜೊತೆ ಮಾತ್ರ, "ಅಜ್ಜಿ, ಇನ್ನೂ ತುಳಿಬೇಕಾ?" ಅನ್ನುತ್ತಿದ್ದಳು. ಅದು ನಿಮ್ಮ ಮಂಗಳೂರು ಕನ್ನಡ ಅಂತ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಮರದ ಅಚ್ಚಿನಿಂದ ಮೊದಲ ಇಟ್ಟಿಗೆ ಬಿಡಿಸಿದಾಗ ನೀವು ಅದರ ಮೇಲೆ ಅಂಗೈ ಒತ್ತಿದಿರಿ. ಐದೂ ಬೆರಳು ಚೆನ್ನಾಗಿ ಮೂಡಿದವು. "ಯಾರಾದರೂ ಕೇಳಿದರೆ ಐರಿನ್ ಕಟ್ಟಿದ್ದು ಅಂತ ಹೇಳಿ," ಅಂತ ನಕ್ಕಿರಿ. ಆ ಇಟ್ಟಿಗೆಯನ್ನು ಅಂಗೈ ಕಾಣುವ ಹಾಗೆ ಗೋಡೆಯ ಕೆಳಸಾಲಿನಲ್ಲಿ ಇಟ್ಟೆವು. ಗೋಡೆ ಸೊಂಟದೆತ್ತರ ಬಂತು, ತಲೆಯ ಮೇಲೆ ಹಂಚು ಹೊದಿಸಿದೆವು. ಶರತ್ಕಾಲದಲ್ಲಿ ನಿಮಗೆ ಉಸಿರಾಟದ ತೊಂದರೆ ಶುರುವಾಯಿತು.

ನಿಮ್ಮನ್ನು ಮಣ್ಣಿಗಿಟ್ಟ ಮೇಲೆ ನಾನು ಆ ಅಂಗಳದ ಕಡೆ ಹೋಗಲಿಲ್ಲ. ಹೋಗಲು ಮನಸ್ಸಾಗಲಿಲ್ಲ ಅನ್ನುವುದಕ್ಕಿಂತ ಭಯ ಅನ್ನಬೇಕು. ಹಿಮ ಪೂರ್ತಿ ಕರಗಿದ ಮೇಲೆ ಅನುವೇ ಎಳೆದುಕೊಂಡು ಹೋದಳು. ಅಕ್ಕ, ಪಡುವಣ ಮೂಲೆ ಬಿದ್ದಿತ್ತು. ಮೇಲಿನ ಹಂಚು ಗಾಳಿಗೆ ಸರಿದು, ನೀರು ಇಳಿದು, ಹೊಟ್ಟು ಹೊರಗೆ ಬಂದು ಹರಿದ ದಿಂಬಿನ ಹಾಗೆ ಕಾಣುತ್ತಿತ್ತು. ಅಲ್ಲಿ ಹೆರ್ ಲೆಡರರ್ ನಮಗಿಂತ ಮೊದಲೇ ಬಂದು ನಿಂತಿದ್ದರು. ಸೋತೆವು ಅಂದುಕೊಂಡೆ. ನೀವು ಇಲ್ಲದ್ದು ಅವತ್ತು ನಿಜವಾಗಿ ಎದೆಗೆ ತಾಗಿತು.

"ಬಿದ್ದಿದೆ," ಅಂದರು ಅವರು.

"ಹೌದು, ಬಿದ್ದಿದೆ."

ಅವರು ಬಗ್ಗಿ, ಕುಸಿದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಆ ಮರುಭೂಮಿಯಲ್ಲಿ ಬಿದ್ದರೆ ಏನು ಮಾಡುತ್ತಾರೆ?"

"ಮಳೆ ಮುಗಿದ ಮೇಲೆ ಬಿದ್ದ ಮಣ್ಣನ್ನೇ ನೆನೆಸಿ ಮತ್ತೆ ಮೆತ್ತುತ್ತಾರೆ. ಹೆಂಗಸರು, ಮಕ್ಕಳು, ಎಲ್ಲರೂ."

"ಪ್ರತಿ ವರ್ಷವೂ?"

"ನನ್ನ ಅಜ್ಜಿಯ ಮನೆಯಲ್ಲೂ ಹಾಗೇ. ಪ್ರತಿ ವರ್ಷ. ನನ್ನ ಕಾಕಾ ಇನ್ನು ಈ ಗೋಳು ಬೇಡವೆಂದು ಸಿಮೆಂಟ್ ಬಳಿಸಿದ. ತೇವ ಹೊರಬರಲಾಗದೆ ಗೋಡೆ ಒಳಗೇ ಕೊಳೆತು ಹೋಯಿತು."

"ಆ ಇಗರ್ಜಿಗೂ ಒಮ್ಮೆ ಸಿಮೆಂಟ್ ಬಳಿದಿದ್ದರಂತೆ. ಶ್ವೆಸ್ಟರ್ ಐರಿನ್ ಹೇಳಿದ್ದರು," ಅಂದರು. "ನಾನಾಗಿದ್ದರೆ ನಾನೂ ಸಿಮೆಂಟನ್ನೇ ಬಳಿಯುತ್ತಿದ್ದೆ." ಅಷ್ಟೇ. ಟೋಪಿ ಸರಿಮಾಡಿಕೊಂಡು ಹೊರಟುಹೋದರು. ಫಲಕದ ಮಾತೇ ಎತ್ತಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನಾನು ಅವಲಕ್ಕಿ ಒಗ್ಗರಣೆ ಹಾಕುತ್ತಿರುವಾಗ ಫೋನಿಗೆ ಮೆಸೇಜು ಬಂತು. ಕಳಿಸಿದವರು ಹೆರ್ ಲೆಡರರ್. "ಕುದುರೆ ಲದ್ದಿ ಎಷ್ಟು ಬೇಕು?" ಇಷ್ಟೇ, ನಮಸ್ಕಾರವೂ ಇಲ್ಲ. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಶನಿವಾರ ಹೋದರೆ ಸಂಘದ ಹಿರಿಯರು, ಅವರ ಮೊಮ್ಮಕ್ಕಳು, ಆ ಮದುವೆಯ ವಧು ಕೂಡ! ಲೆಡರರ್ ಪ್ಯಾಂಟು ಮಡಚಿ ಕೆಸರಿಗಿಳಿದರು. ಬೆಳ್ಳಗಿನ ಕಾಲು, ಹದ ತಿಳಿಯದೆ ಜಾರುತ್ತಿದ್ದರು. ಅನು ಅವರ ಕೈ ಹಿಡಿದು ನಿಲ್ಲಿಸಿದಳು. ಬಿದ್ದ ಮೂಲೆಯನ್ನು ಎತ್ತಿದೆವು, ಇಡೀ ಗೋಡೆಗೆ ಗಿಲಾವು ಮಾಡಲು ಶುರುಮಾಡಿದೆವು.

ಕೆಳಸಾಲಿಗೆ ಬಂದಾಗ ನನ್ನ ಕೈ ನಿಂತುಹೋಯಿತು. ನಿಮ್ಮ ಅಂಗೈಯ ಇಟ್ಟಿಗೆ. ಚಳಿಗಾಲ ಅದನ್ನು ಸವೆಸಿತ್ತು, ಆದರೂ ಕಿರುಬೆರಳು ಕೂಡ ಕಾಣುತ್ತಿತ್ತು. "ಇದನ್ನ ಮುಚ್ಚಬ್ಯಾಡ ಅವ್ವಾ," ಅಂದಳು ಅನು. ಕನ್ನಡದಲ್ಲಿ, ಅಕ್ಕ! ಅದೂ ನಮ್ಮ ಕಡೆಯ ಕನ್ನಡದಲ್ಲಿ. ನನಗೂ ಮುಚ್ಚುವ ಮನಸ್ಸಿರಲಿಲ್ಲ. ಆದರೆ ಹಾಗೇ ಬಿಟ್ಟರೆ ಬರುವ ಚಳಿಗಾಲದಲ್ಲಿ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ನೀವಿದ್ದಿದ್ದರೆ ಏನನ್ನುತ್ತಿದ್ದಿರಿ? "ಎಂತ ನೋಡ್ತಾ ಕೂತದ್ದು, ಮೆತ್ತು ಮಾರಾಯ್ತಿ!" ಅಲ್ಲವಾ? ಅನುವಿನ ಕೈಗೆ ಮಣ್ಣಿನ ಮುದ್ದೆ ಕೊಟ್ಟೆ. ಅವಳು ನಿಮ್ಮ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು, ನಿಧಾನವಾಗಿ ಮೆತ್ತಿದಳು. ಈಗ ನಿಮ್ಮ ಕೈ ಹೊರಗೆ ಯಾರಿಗೂ ಕಾಣುವುದಿಲ್ಲ. ಗೋಡೆಯ ಒಳಗಿದೆ, ಆ ಮರುಭೂಮಿಯ ಹೆಂಗಸರ ಕೈಗಳು ಅವರ ಗೋಡೆಯೊಳಗೆ ಇರುವ ಹಾಗೆ, ನಿಮ್ಮ ಅಜ್ಜಿಯ ಹಾಗೆ.

ನಿನ್ನೆ ನಿಮ್ಮ ಹಳ್ಳಿಯಲ್ಲಿ ಇಗರ್ಜಿಯ ಹಬ್ಬ. ನಿಮ್ಮ ಮಂಗಳೂರಿನ ತೆನೆ ಹಬ್ಬಕ್ಕೆ ಇಲ್ಲಿ ಭತ್ತ ಸಿಗದೆ ನೀವು ಓಟ್ಸ್ ತೆನೆ ಹಂಚುತ್ತಿದ್ದಿರಲ್ಲ, ಹಾಗೇ ನಾನೂ ಒಂದು ಕಟ್ಟು ಒಯ್ದು ಹೊಸ ಫಲಕದ ಪಕ್ಕ ಇಟ್ಟೆ. ಹೌದು ಅಕ್ಕ, ಹೊಸ ಫಲಕ. ಮೂಲೆ ಬಿದ್ದಿದ್ದರೂ ಲೆಡರರ್ ಅವರೇ ನಿಂತು ಬರೆಸಿದ್ದು. ಪಾದ್ರಿಯ ಹೆಸರು ಇದೆ, ಚಾಟಿಯೇಟಿನ ಮಾತೂ ಸಿಡುಬಿನ ಮಾತೂ ಇದೆ. ಕೊನೆಯ ಸಾಲುಗಳನ್ನು ಲೆಡರರ್ ಗಟ್ಟಿಯಾಗಿ ಓದಿದರು: "ಈ ಇಗರ್ಜಿಯನ್ನು ತಮ್ಮ ಕೈಗಳಿಂದ ಕಟ್ಟಿದವರೂ, ಪಾದ್ರಿ ಹೋದ ಮೇಲೆ ವರ್ಷ ವರ್ಷವೂ ಮಣ್ಣು ಮೆತ್ತಿ ಇಂದಿಗೂ ನಿಲ್ಲಿಸಿಕೊಂಡವರೂ ಓಓಧಮ್ ಜನರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ." ನಿಮ್ಮದೇ ಮಾತು. ಕೆಳಗೆ ನಿಮ್ಮ ಹೆಸರು ಹಾಕೋಣವೇ ಅಂತ ಅವರು ನನ್ನನ್ನು ಮೊದಲೇ ಕೇಳಿದ್ದರು. ಬೇಡ ಅಂದೆ. ಸರಿ ತಾನೇ?

ನೀವು ಕೇಳಿದ್ದಕ್ಕೆ ಉತ್ತರ ಇದು: ಗೋಡೆ ಬಿತ್ತು ಅಕ್ಕ, ಮತ್ತೆ ಉಂಟು. ಬರುವ ವರ್ಷವೂ ಒಂದಿಷ್ಟು ಬೀಳುತ್ತದೆ, ನಾವೂ ಇರುತ್ತೇವೆ. ಲಾಯದವರಿಗೆ ಲದ್ದಿ ಎತ್ತಿಡಲು ಈಗಲೇ ಹೇಳಿಟ್ಟಿದ್ದೇನೆ.

ನಿಮ್ಮ,
ಶಶಿಕಲಾ