ಗುಡುಗಿಗೆ ಇಳಿಸಬೇಕಾದ ಬಿಂದಿಗೆ

ಬಯಲುಹಟ್ಟಿ,
ಫೆಬ್ರವರಿ ೩೦, ೨೨೦೩

ಡಿಯರ್ ಮೇಡಂ, ಅಂದರೆ ಗಂಗಮಾಳಮ್ಮನವರೇ,

ನಿಮ್ಮ ಮನೆಯ ಅಳಿಯ ಓಬಯ್ಯ ಮಾಡುವ ನಮಸ್ಕಾರಗಳು. ಯಾವ ಮಗಳ ಗಂಡನಪ್ಪಾ ಇವನು ಎಂದು ಗಾಬರಿಯಾಗಬೇಡಿ. ನಾನು ಕಟ್ಟಿಕೊಂಡವಳು ಹುಟ್ಟುವುದಕ್ಕೇ ನಿಮ್ಮ ಕಡೆಯಿಂದ ಇನ್ನೂ ನೂರು ವರ್ಷದ ಮೇಲಿದೆ. ತಾರೀಖು ನೋಡಿ ನಗಲೂಬೇಡಿ. ನಮ್ಮ ಕಾಲದಲ್ಲಿ ಪಾಪ, ಫೆಬ್ರವರಿಗೂ ಮೂವತ್ತು ದಿನ ತುಂಬಿಸಿಕೊಟ್ಟಿದ್ದಾರೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಾವು ಹಿನ್ನಂಚೆ ಎನ್ನುತ್ತೇವೆ. ಇಂಥ ಅಪರಿಚಿತ ಮಾತುಗಳು ನಡುನಡುವೆ ಬರುತ್ತವೆ, ಕ್ಷಮಿಸಿ. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ಕಾಲೇಜಿನಲ್ಲಿ ಕಲಿತ 'ವಿತ್ ಡ್ಯೂ ರೆಸ್ಪೆಕ್ಟ್' ಆದ ಮೇಲೆ ಏನು ಬರುತ್ತದೋ ನೆನಪಾಗುತ್ತಿಲ್ಲ.

ನನ್ನ ಹೆಂಡತಿ ಪಾಲಕ್ಕ ಸದ್ದುದಾಟಿಯ ಪೈಲಟ್ ಆಗಿದ್ದಳು. ಸದ್ದುದಾಟಿ ಎಂದರೆ ಸದ್ದಿಗಿಂತ ಬೇಗ ಹೋಗುವ ವಿಮಾನ. ನಿಮ್ಮಲ್ಲಿ ಅಂಥವು ಹೆಚ್ಚಾಗಿ ಸೇನೆಯವರ ಹತ್ತಿರ ಇದ್ದವಂತೆ. ನಮ್ಮಲ್ಲಿ ಬಾಳೆಗೊನೆಯೂ ಅದರಲ್ಲೇ ಹೋಗುತ್ತದೆ, ಬೀಗರೂ ಅದರಲ್ಲೇ ಬರುತ್ತಾರೆ. ಅದು ಹಿಂದೆ ಎಳೆದುಕೊಂಡು ಹೋಗುವ ಗುಡುಗಿಗೆ 'ಸೆರಗು' ಎಂದು ಹೆಸರು. ಸೆರಗು ಊರಿನ ಮೇಲೆ ಬೀಳಬಾರದೆಂಬುದು ಕಾನೂನು. ಮೇಲೆ ಹೋದ ಹಾಗೆ ಸದ್ದಿನ ನಡಿಗೆ ನಿಧಾನವಾಗುತ್ತದೆ, ಗೊತ್ತೇ? ಗಾಳಿ ತೆಳುವಾಗುವುದರಿಂದ ಹಾಗೆ ಎಂದು ಮದುವೆಯ ಹೊಸತರಲ್ಲಿ ಪಾಲಕ್ಕನಿಗೆ ನಾನೇ ದೊಡ್ಡದಾಗಿ ವಿವರಿಸಿದ್ದೆ. ಅವಳು ಮುದ್ದೆ ಕಟ್ಟುತ್ತಲೇ, "ತೆಳುವಾಗಿದ್ದಕ್ಕಲ್ಲ ಕಣ್ರೀ, ತಣ್ಣಗಾಗಿದ್ದಕ್ಕೆ. ಕಾಲೇಜಿನಾಗೆ ಬರೀ ಹಾಜರಿ ಹಾಕಿ ಬರ್ತಿದ್ರಾ?" ಎಂದಳು. ಮೇಲೆ ಕೊರೆಯುವ ಚಳಿ, ಕೆಳಗೆ ನಮ್ಮ ಬಯಲಿನ ಬಿಸಿ. ಮೇಲಿನ ಸದ್ದಿನ ವೇಗವನ್ನು ಕೊಂಚವೇ ಮೀರಿ ಹಾರಿದರೆ, ಕೆಳಗಿಳಿಯುವ ಸೆರಗು ಬಿಸಿಗಾಳಿಗೆ ಸಿಕ್ಕಿ ಬಾಗಿ ಮತ್ತೆ ಮೇಲಕ್ಕೇ ಹೋಗಿಬಿಡುತ್ತದೆ, ಕೆಸರು ಕಂಡಾಗ ನೆರಿಗೆ ಎತ್ತಿಕೊಂಡ ಹಾಗೆ. ತೀರಾ ಜೋರು ಮಾಡಿದರೆ ಮಾತ್ರ ನೆಲಕ್ಕೆ ಅಪ್ಪಳಿಸುತ್ತದೆ. ಜೀವಮಾನವಿಡೀ ನಮ್ಮೂರ ಮೇಲೆ ಹಾರಿದ ಪಾಲಕ್ಕ ಒಂದು ತಟ್ಟೆಯನ್ನೂ ಅಲುಗಿಸಲಿಲ್ಲ. ನಾನು ಅಂಗಳದಲ್ಲಿ ಕತ್ತೆತ್ತಿ ನಿಂತಿರುತ್ತಿದ್ದೆ. ಆಕಾಶದಲ್ಲಿ ಒಂದು ಬಿಳಿ ಗೀರು, ಅಷ್ಟೇ. ಹಗಲು ಉಳಿಸಿದ ಸದ್ದನ್ನೆಲ್ಲ ಸಂಜೆ ಮನೆಗೆ ಬಂದು ಬಡ್ಡಿ ಸಮೇತ ತೀರಿಸುತ್ತಿದ್ದಳು.

ಪೈಲಟ್ ತೀರಿಕೊಂಡರೆ ಅವರು ಬಾಳಿದ ಊರಿನ ಮೇಲೆ ಒಂದೇ ಒಂದು ಸಲ ಸೆರಗು ಬೀಳಿಸುವುದು ನಮ್ಮ ಕಾಲದ ಪದ್ಧತಿ. ಇದಕ್ಕೆ ಗುಡುಗು ಕೊಡುವುದು ಎನ್ನುತ್ತೇವೆ. ಊರೆಲ್ಲ ಒಪ್ಪಬೇಕು. ಒಪ್ಪಿದವರು ಹಲಗೆಯ ಮೇಲಿನ ಪಾತ್ರೆಗಳನ್ನೆಲ್ಲ ನೆಲಕ್ಕಿಳಿಸಿ ಬಾಗಿಲು ತೆರೆದಿಡುತ್ತಾರೆ. ಯಾವುದೋ ಒಂದು ಮನೆಯಲ್ಲಿ ಒಂದು ಲೋಟ ಮೇಲಿದ್ದರೂ ವಿಮಾನ ಸುಮ್ಮನೆ ಹೋಗಬೇಕು. "ಒಂದ್ಸಲ ನಮ್ಮೂರಿಗೆ ಕೇಳೋ ಹಂಗೆ ಹೋಗ್ಬೇಕು ಕಣ್ರೀ" ಎಂಬುದು ಪಾಲಕ್ಕನ ಕೊನೆಯ ಆಸೆಯಾಗಿತ್ತು. ಇವತ್ತು ಆ ದಿನ. ಹಾರಿಸುವವಳು ನಮ್ಮ ಮೊಮ್ಮಗಳು ಚೆನ್ನಿ. ಮನೆಮನೆ ನೋಡಿ ಅವಳಿಗೆ ಸುದ್ದಿ ಮುಟ್ಟಿಸುವ ಕೆಲಸ ಪಕ್ಕದ ಮನೆಯ ಮಾರಕ್ಕನದು.

ಈ ಮಾರಕ್ಕನೇ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವಳ ಕುರಿಗಳು ಈಗಷ್ಟೇ ಮರಿ ಹಾಕಿವೆ, ಸಾಲದ್ದಕ್ಕೆ ನಲ್ಲಿ ನೀರಿನ ವಿಷಯಕ್ಕೆ ಪಾಲಕ್ಕನ ಜೊತೆ ಹಳೆಯ ಜಗಳ. ಬೆಳಿಗ್ಗೆ ಅವಳೇ ಬಂದು ಬಾಗಿಲಲ್ಲಿ ನಿಂತಳು. "ಅಲ್ಲ ಓಬಣ್ಣ, ಮರಿಗಳನ್ನೆಲ್ಲ ಕಂಬಳಿಯಾಗೆ ಸುತ್ತಿಟ್ಟು ಬಂದೀನಿ. ಊರಾಗಿನ ಚಮಚಾನೂ ನೆಲಕ್ಕೆ ಇಳಿದೈತೆ. ನಿನ್ನ ಬಿಂದಿಗೆ ಯಾಕಪ್ಪ ಇನ್ನೂ ಮೇಲೆ ಕುಂತೈತೆ?" ಸೊಂಟನೋವು ಎಂದೆ. "ನಿನ್ನೆ ನನ್ನ ಹುಣಸೆಮರ ಹತ್ತುವಾಗ ಎಲ್ಲಿತ್ತು ಆ ಸೊಂಟ?" ಎಂದು ಹೊರಟುಹೋದಳು.

ಆ ಹಿತ್ತಾಳೆ ಬಿಂದಿಗೆ ನಿಮ್ಮದೇ, ಗಂಗಮಾಳಮ್ಮನವರೇ. ಕಂಠದ ಹತ್ತಿರ ತಗ್ಗು ಬಿದ್ದಿರುವುದು. ತಾಯಿಯಿಂದ ಮಗಳಿಗೆ ಬರುತ್ತಾ ಬರುತ್ತಾ ಪಾಲಕ್ಕನ ಜೊತೆ ನನ್ನ ಮನೆ ಸೇರಿತು. ಕಡೆಯ ಸಲ ಆಸ್ಪತ್ರೆಗೆ ಹೊರಡುವ ಮುಂಚೆ ಅವಳು ಹುಣಸೆಹಣ್ಣು ಹಾಕಿ ಉಜ್ಜಿ, ತಗ್ಗು ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಿ, ಬೋರಲು ಹಾಕಿಟ್ಟು ಹೋದಳು. ಅವಳು ಇಟ್ಟ ಕಡೆಯೇ ಇರುವ ವಸ್ತು ಈ ಮನೆಯಲ್ಲಿ ಅದೊಂದೇ. ಇಳಿಸಿದರೆ ಗುಡುಗು ಬರುತ್ತದೆ. ಗುಡುಗು ಬಂದರೆ ಅವಳು ಹೋದಳೆಂದು ನಾನೂ ಒಪ್ಪಿದ ಹಾಗಾಯಿತು. ಇಳಿಸದಿದ್ದರೆ ಚೆನ್ನಿ ಅಜ್ಜಿಯ ಆಸೆ ತೀರಿಸದೆ ಸದ್ದಿಲ್ಲದೆ ಹಾದುಹೋಗುತ್ತಾಳೆ. ಅದಕ್ಕೇ ಎರಡೂ ಬೇಡವೆಂದು ನಿಮಗೆ ಕಾಗದ ಬರೆಯುತ್ತಾ ಕುಳಿತಿದ್ದೇನೆ. ಅತ್ತೆಮನೆಯವರನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ಬರೆಯುತ್ತಾ ಒಂದು ನೆನಪಾಯಿತು. ಗುಡುಗು ಕೇಳಿದ ಕಡೆ ಸದ್ದುದಾಟಿಯನ್ನು ಹುಡುಕಬೇಡಿ, ಅದು ಆಗಲೇ ಮುಂದೆ ಹೋಗಿರುತ್ತದೆ ಎನ್ನುತ್ತಿದ್ದಳು. ನಮಗೆ ವಿಮಾನ ಮೊದಲು, ಸದ್ದು ಆಮೇಲೆ. ನಿಮಗೆ ಉಲ್ಟಾ ಆಗಿದೆ ನೋಡಿ. ಸದ್ದು ಈ ಕಾಗದದಲ್ಲಿ ಮೊದಲೇ ಬಂದುಬಿಟ್ಟಿತು, ಪಾಲಕ್ಕ ಇನ್ನೂ ಬರಬೇಕು. ನಿಮ್ಮ ಕಾಲದಲ್ಲಿ ಅವಳು ಬರಲಿರುವವಳು! ಇಷ್ಟು ಬರೆದ ಮೇಲೆ ಸೊಂಟ ಸ್ವಲ್ಪ ಹಗುರಾಗಿದೆ.

ಒಂದೇ ಒಂದು ಕೋರಿಕೆ. ಗುಜರಿಯವನು ಬಂದಾಗ ಸ್ಟೀಲ್ ಪಾತ್ರೆಯ ಆಸೆಗೆ ಆ ಬಿಂದಿಗೆ ಕೊಡಬೇಡಿ. ತಗ್ಗನ್ನೂ ತೆಗೆಸಬೇಡಿ. ಅದು ಹಾಗೆಯೇ ಅವಳ ಕೈಗೆ ಬರಬೇಕು. ಮಾರಕ್ಕ ಕಂಕುಳಲ್ಲಿ ಒಂದು ಮರಿ ಇಟ್ಟುಕೊಂಡು ಬೇಲಿಯಾಚೆಯಿಂದ ನನ್ನ ಬಾಗಿಲನ್ನೇ ನೋಡುತ್ತಿದ್ದಾಳೆ. ಎದ್ದು ಇಳಿಸಿ ಬರುತ್ತೇನೆ, ಸಹಿ ಆಮೇಲೆ.

ಯುವರ್ಸ್ ಒಬಿಡಿಯಂಟ್ಲಿ,
ನಿಮ್ಮ ಅಳಿಯ
ಓಬಯ್ಯ

ಸಹಿಯ ಮೇಲೆ ಮಸಿ ಚೆಲ್ಲಿದ್ದು ನಾನಲ್ಲ. ಅದು ಪಾಲಕ್ಕ.