ಹಿಂದಿನ ರೂಮಿಗೆ ಸಿಗ್ನಲ್

4 ಸೆಪ್ಟೆಂಬರ್ 2006, ಬೆಳಿಗ್ಗೆ 10
ಮತ್ತೆ ಗಂಟೆ. ಓಡಿದೆ. ಇವರಿಗೆ ನೀರು ಕುಡಿಸಿದೆ. ಮತ್ತೆ ಮುಂದಿನ ಹಾಲಿಗೆ, ಲ್ಯಾಪ್‌ಟಾಪ್ ಮುಂದೆ. ಅಮೆರಿಕದ ಡಾಕ್ಟರುಗಳು ಮಾತಾಡಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ. ಇಂಟರ್‌ನೆಟ್ ವೈರ್ ಇರುವುದು ಹಾಲಿನಲ್ಲಿ, ಲಕ್ವ ಹೊಡೆದ ಗಂಡ ಇರುವುದು ಹಿಂದಿನ ರೂಮಿನಲ್ಲಿ. ಮಾತು ಹೋಗಿದೆ. ಎಡಗೈ ಮಾತ್ರ ಏಳುತ್ತದೆ. ಅದಕ್ಕೇ ದೇವರ ಮನೆಯ ಗಂಟೆ ಇವರ ದಿಂಬಿನ ಪಕ್ಕ.
ಉದ್ದ ವೈರ್ ಎಳೆದು ನೋಡಿದ್ದೆ. ಅತ್ತೆ ಎಡವಿ ಬಿದ್ದರು. ಸುತ್ತಿಟ್ಟೆ.

9 ಸೆಪ್ಟೆಂಬರ್
ಕಂಪ್ಯೂಟರ್ ಅಂಗಡಿಯ ಬದರೀನಾರಾಯಣ ವೈರ್‌ಲೆಸ್ ಡಬ್ಬಿ ತಂದರು. ಹಾಲಿನಲ್ಲಿಟ್ಟರೆ ಹಿಂದಿನ ರೂಮಿಗೆ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆ. ಹಾಳಾದ ಗೋಡೆ! ನಡುವೆ ಇರುವುದು ದೇವರ ಮನೆ. ಅಲ್ಲಿಟ್ಟರೆ ಆದೀತು ಅಂದರು. ಅತ್ತೆಯ ಮಡಿ ನೆನೆದು ಬೇಡ ಅಂದೆ. ಅಳು ಬಂತು.

10 ಸೆಪ್ಟೆಂಬರ್
ಅತ್ತೆಯೇ ಬಂದು ಹೇಳಿದರು. "ಆ ಡಬ್ಬೀನ ದೇವರ ಪಕ್ಕಾನೇ ಇಟ್ಕೊಳಮ್ಮ. ಮಡಿ ನಂದು, ದೇವರದ್ದಲ್ಲ. ನನ್ನ ಮಗ ಹರಿ ಹತ್ರ ಯಾರಾದ್ರೂ ಕೂತಿದ್ರೆ ಸಾಕು."
ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕ ಹಸಿರು ದೀಪ. ಮಂಚದ ಹತ್ತಿರ ಕೂತೆ. ಪೂರ್ತಿ ಸಿಗ್ನಲ್! ಟೈಪ್ ಮಾಡುವಾಗ ಇವರ ಎಡಗೈ ನನ್ನ ಸೆರಗು ಹಿಡಿದೇ ಇತ್ತು. ಇಡೀ ದಿನ ಗಂಟೆ ಬಾರಿಸಲಿಲ್ಲ.

1 ಅಕ್ಟೋಬರ್, ಆಯುಧಪೂಜೆ, ಮಧ್ಯಾಹ್ನ 2
ಅತ್ತೆ ಡಬ್ಬಿಯ ದೀಪ ಆರಿಸಿ ಕುಂಕುಮ, ಹೂವು ಏರಿಸಿದರು. ಪೂಜೆಗಿಟ್ಟದ್ದನ್ನು ನಾಳೆವರೆಗೆ ಮುಟ್ಟಬಾರದಂತೆ. ಲ್ಯಾಪ್‌ಟಾಪ್ ಮಾತ್ರ ಬೇಡಿ ತಂದುಕೊಂಡೆ — ಆ ಆಸ್ಪತ್ರೆಗಳಿಗೆ ಯಾವ ಹಬ್ಬ, ಯಾವ ಭಾನುವಾರ? ಒಂದು ದಿನ ತಾನೆ, ಹಾಲಿನಲ್ಲಿ ವೈರ್ ಚುಚ್ಚಿಕೊಂಡರಾಯಿತು ಅಂದೆ.
ಮಂಗಳಾರತಿಗೆ ಗಂಟೆ ನಾನೇ ಬಾರಿಸಿದೆ. ಇವರಿಗೆ ಆರತಿ ಕೊಟ್ಟು, ಪಾಯಸ ತಿನ್ನಿಸಿ ಬಂದು ಕೂತಿದ್ದೇನೆ. ಅತ್ತೆ ಮಲಗಿದ್ದಾರೆ. ಇಷ್ಟು ಹೊತ್ತಾದರೂ ಗಂಟೆ ಕೇಳಿಸಿಲ್ಲ. ನಿದ್ದೆ ಹತ್ತಿರಬೇಕು. ಪಾಪ, ಮಲಗಲಿ.

9 ಅಕ್ಟೋಬರ್
ಅವತ್ತು, ಹಬ್ಬದ ದಿನ, ಸಂಜೆ ನಾಲ್ಕಕ್ಕೆ ಹೋದಾಗ ಇವರು ಮಂಚದಿಂದ ಅರ್ಧ ಜಾರಿದ್ದರು. ಮೈ ತಣ್ಣಗಿತ್ತು. ಎಡಗೈ ದಿಂಬಿನ ಪಕ್ಕ ಚಾಚಿತ್ತು. ಅಲ್ಲಿ ಗಂಟೆ ಇರಲಿಲ್ಲ... ದೇವರ ಮುಂದೆ, ಹೂವಿನ ನಡುವೆ ಇತ್ತು. ಆರತಿಯಾದ ಮೇಲೆ ಅಲ್ಲೇ ಬಿಟ್ಟವಳು ನಾನು.
ಯಾರಿಗೂ ಗೊತ್ತಿಲ್ಲ. ಸೂತಕ, ದೇವರ ಮನೆ ಬಾಗಿಲು ಹಾಕಿದೆ. ಅತ್ತೆ ಊಟ ಬಿಟ್ಟಿದ್ದಾರೆ. "ಡಬ್ಬಿ ಆರಿಸಿದ್ದು ನಾನು. ನೀನು ಪಕ್ಕದಲ್ಲಿದ್ದಿದ್ರೆ ಮಗ ಉಳೀತಿದ್ದ" ಅಂತ ಹಣೆ ಚಚ್ಚಿಕೊಳ್ಳುತ್ತಾರೆ. ಕೇಳುತ್ತಾ ಕೂತಿರುತ್ತೇನೆ. ಬಾಯಿ ಬಿಡುವುದಿಲ್ಲ. ಎಂಥ ಪಾಪಿ ನಾನು.

14 ಅಕ್ಟೋಬರ್, ಬೆಳಿಗ್ಗೆ 7
ನಿನ್ನೆಗೆ ವೈಕುಂಠ ಸಮಾರಾಧನೆ ಮುಗಿಯಿತು. ಇವತ್ತು ಅತ್ತೆ ದೇವರ ಮನೆ ತೆಗೆದರು. ಒಣಗಿದ ಹೂವು ಬಳಿದರು. ಡಬ್ಬಿಯ ಸ್ವಿಚ್ ಹಾಕಿದರು. ಖಾಲಿ ಮಂಚದ ಪಕ್ಕ ಪೂರ್ತಿ ಸಿಗ್ನಲ್.
ಈಗ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಕೈಯಲ್ಲಿ ಗಂಟೆ.
"ಪ್ರಿಯಾ, ಇದು ಅಲ್ಲಿ ಯಾಕಿತ್ತಮ್ಮ?"
ತಲೆ ಎತ್ತದೆ ಬರೆಯುತ್ತಿದ್ದೇನೆ. ಹೋಗುತ್ತಿಲ್ಲ, ಕಾಯುತ್ತಿದ್ದಾರೆ. ಹೇಳಿಬಿಡಬೇಕು. ಅತ್ತೆ, ಅವತ್ತು ನಾನು —